ಹಳೆ ಮದರಾಸು ರಸ್ತೆಯ ಮೇಲಣ ಆಕಾಶ

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಹತ್ತಿ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳನ್ನು ಒಂದೊಂದಾಗಿ ಹಿಂದಿಕ್ಕುತ್ತ ಪೂರ್ವಾಭಿಮುಖವಾಗಿ ಸಾಗಿದರೆ ಹೊಸಕೋಟೆಗೆ ಹೆಚ್ಚುಕಡಮೆ 27 ಕಿಲೋಮೀಟರುಗಳ ಹಾದಿ. ಇಷ್ಟೇ ದೂರವನ್ನು ನೆಲದ ಮೇಲೆ ಕ್ರಮಿಸದೆ ನೆತ್ತಿಯ ಕಡೆಗೆ ನೆಟ್ಟಗೆ ಕ್ರಮಿಸುವುದು ಸಾಧ್ಯವಾಗಿದ್ದರೆ, ನಾವು ತಲಪುತ್ತಿದ್ದುದು ಓಜೋನ್ ಅನಿಲವು ಅತ್ಯಂತ ಸಾಂದ್ರವಾಗಿ ನೆಲೆಸಿರುವ ವಾಯುಸ್ತರವನ್ನು. ಸೂರ್ಯನ ಅತಿನೇರಳೆ ಕಿರಣಗಳಿಂದ ಭೂಮಿಯ ಸಕಲ ಜೀವರಾಶಿಯನ್ನು ಕಾಯುತ್ತಿರುವ ಆ ಆವರಣವು ಎಲ್ಲೋ ನಕ್ಷತ್ರಗಳ ನೆರೆಯಲ್ಲಿದೆಯೆಂದು ಬಾಲ್ಯದಿಂದ ಭಾವಿಸಿಕೊಂಡು ಬಂದಿದ್ದ ನನಗೆ, ಅದು ಹೊಸಕೋಟೆಯಷ್ಟೇ ದೂರದಲ್ಲಿದೆಯೆಂಬುದು ತಿಳಿದಂದಿನಿಂದ ಈ ರಸ್ತೆ ಬೇರೆಯೇ ಆಗಿ ಕಾಣಿಸತೊಡಗಿತು. ಅದೇ ಹೊಸಕೋಟೆಯ ಆಚೆ, ಶಿಡ್ಲಘಟ್ಟದ ದಾರಿಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಬಲೂನುಗಳ ಕೊರಳಿಗೆ ಉಪಕರಣಗಳನ್ನು ಕಟ್ಟಿ ಆ ಎತ್ತರಕ್ಕೆ ಕಳುಹಿಸಿದ್ದಾರೆ. ರಸ್ತೆಯ ಕೊನೆ ಮತ್ತು ಬಲೂನಿನ ಕೊನೆ ಒಂದೇ ಅಳತೆಯವಾಗಿರುವುದು ಕೇವಲ ಕಾಕತಾಳೀಯವೆಂದು ಬಲ್ಲೆ. ಆದರೂ ಶಿವಾಜಿನಗರದಿಂದ ಹೊಸಕೋಟೆಯವರೆಗಿನ ಈ ದಾರಿಯನ್ನು, ನೆಲದ ಮೇಲೆ ಮಲಗಿಸಿದ ವಾಯುಸ್ತಂಭವೊಂದರಂತೆ ಭಾವಿಸಿ, ಮೈಲಿಗಲ್ಲುಗಳನ್ನೇ ಎತ್ತರದ ಗುರುತುಗಳಾಗಿ ಎಣಿಸುತ್ತ ಒಮ್ಮೆ ಪ್ರಯಾಣ ಮಾಡಬೇಕೆಂಬ ಆಸೆ ಬಲವಾಯಿತು.

ಹೊರಟದ್ದು ಸೆಪ್ಟೆಂಬರಿನ ಮೊದಲ ವಾರದಲ್ಲಿ. ಸಂತ ಮೇರಿಯಮ್ಮನವರ ಬೆಸಿಲಿಕಾದಲ್ಲಿ ಆಗಸ್ಟ್ 29ರಂದು ಧ್ವಜವೇರಿಸಿದ ಮೇಲೆ ಸೆಪ್ಟೆಂಬರ್ 8ರ ತೇರಿನವರೆಗೆ ಶಿವಾಜಿನಗರವು ಜಾತ್ರೆಯ ಊರಾಗುತ್ತದೆ. ಕೇಸರಿ ಉಡುಪಿನ ಭಕ್ತರು, ಮೇಣದ ಬತ್ತಿಯ ರಾಶಿಗಳು, ರಸೆಲ್ ಮಾರುಕಟ್ಟೆಯಿಂದ ಬುಟ್ಟಿಬುಟ್ಟಿಯಾಗಿ ಬರುವ ಹೂವು, ತಮಿಳು ಉರ್ದು ಕನ್ನಡಗಳು ಒಂದರೊಳಗೊಂದು ಹೆಣೆದುಕೊಂಡ ಗದ್ದಲ. ಇವೆಲ್ಲದರ ನಡುವೆ, ಗೋಡೆಯ ಪಕ್ಕದಲ್ಲಿ ಸಿಲಿಂಡರನ್ನು ನಿಲ್ಲಿಸಿಕೊಂಡು ಗ್ಯಾಸ್ ಬಲೂನು ತುಂಬುತ್ತಿದ್ದ ನಡುವಯಸ್ಸಿನವನೊಬ್ಬನ ಬಳಿ ನಿಂತೆ. ರಬ್ಬರಿನ ಬಾಯನ್ನು ಕೊಳವೆಗೆ ಸಿಕ್ಕಿಸಿ, ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಬಲೂನು ತಕ್ಕಷ್ಟು ಉಬ್ಬಿದೊಡನೆ ಹೆಬ್ಬೆರಳಿನಿಂದ ಕತ್ತನ್ನು ಒತ್ತಿ ಹಿಡಿದು, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ದಾರವನ್ನು ಎರಡು ಸುತ್ತು ಸುತ್ತಿ ಗಂಟು ಹಾಕುವ ಅವನ ಕೈಚಳಕ ನೋಡುವಂತಿತ್ತು.

“ಪೂರ್ತಿ ಯಾಕೆ ತುಂಬೋದಿಲ್ಲ?” ಎಂದು ಕೇಳಿದೆ.

“ಬಿಸಿಲು ಬಿದ್ರೆ ಇನ್ನೂ ಉಬ್ಬುತ್ತೆ ಸಾರ್. ಜಾಗ ಬಿಟ್ಟಿರಬೇಕು.”

“ಮಗು ಕೈಬಿಟ್ಟರೆ ಎಲ್ಲಿಗೆ ಹೋಗುತ್ತೆ?”

“ಮೇಲಕ್ಕೆ ಹೋಗುತ್ತೆ, ಹೋಗ್ತಾ ಹೋಗ್ತಾ ದೊಡ್ಡದಾಗುತ್ತೆ, ಆಮೇಲೆ ಒಡೆದೋಗುತ್ತೆ. ಅಷ್ಟೇ ಸಾರ್.”

ವಾಯುವಿಜ್ಞಾನದ ಬಲೂನಿನ ಜೀವನಚರಿತ್ರೆಯನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಲಾರೆ. ಹೊಸಕೋಟೆಯಲ್ಲಿ ಬಿಟ್ಟ ಬಲೂನೂ ಜಾಗವನ್ನು ಉಳಿಸಿಕೊಂಡೇ ಹೊರಡುತ್ತದೆ. ನೆಲದಲ್ಲಿ ಎರಡು ಮೀಟರು ಅಡ್ಡಳತೆಯುಳ್ಳದ್ದು 30 ಕಿಲೋಮೀಟರು ಎತ್ತರಕ್ಕೆ ಹೋಗುವಷ್ಟರಲ್ಲಿ ಎಂಟು ಮೀಟರಿನ ಸಮೀಪಕ್ಕೆ ಹಿಗ್ಗಿ, ಇನ್ನು ಹಿಗ್ಗಲಾರದೆ ಒಡೆಯುತ್ತದೆ.

ಬಲೂನು ತುಂಬಲು ಅತ್ಯಂತ ನಿರಪಾಯವಾದ ಹೀಲಿಯಂ ಅನಿಲದ ಮೊದಲ ಸುಳಿವು ದೊರೆತದ್ದು ನಮ್ಮ ದಕ್ಷಿಣ ದೇಶದ ಆಕಾಶದಲ್ಲಿಯೇ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಮಚಲೀಪಟ್ಟಣದಲ್ಲಿ ಮದರಾಸು ವೀಕ್ಷಣಾಲಯದ ಪಾಗ್ಸನ್, ಸೂರ್ಯನ ಅಂಚಿನ ಜ್ವಾಲೆಯ ಬೆಳಕನ್ನು ರೋಹಿತದರ್ಶಕದಲ್ಲಿ ಬಿಡಿಸಿ ನೋಡಿದಾಗ ಕಂಡ ಹಳದಿ ಗೆರೆಯು ಯಾವ ಪರಿಚಿತ ಧಾತುವಿನದೂ ಆಗಿರಲಿಲ್ಲ. ಭೂಮಿಯ ಮೇಲೆ ರಾಮ್ಸೆ ಅದನ್ನು ಹಿಡಿದು ತೋರಿಸಿದ್ದು 1895ರಲ್ಲಿ. ಅಂದರೆ ಕೈಗೆ ಸಿಕ್ಕುವುದಕ್ಕೆ 27 ವರ್ಷ ಮುಂಚಿತವಾಗಿ ಅದು ಬೆಳಕಿನ ಮೂಲಕವೇ ಮನುಷ್ಯನಿಗೆ ಗೊತ್ತಾಗಿತ್ತು. ಅನಿಲವೊಂದನ್ನು ಮುಟ್ಟದೆ, ಮೂಸದೆ, ಅದು ಬೆಳಕಿನಲ್ಲಿ ಮೂಡಿಸುವ ಅಥವಾ ಅಳಿಸುವ ಗೆರೆಗಳಿಂದ ಗುರುತಿಸುವ ಈ ವಿದ್ಯೆಯು ಮದರಾಸು ವೀಕ್ಷಣಾಲಯದ ವಂಶಕ್ಕೆ ಹಳೆಯದು. ಕಂಪೆನಿ ಸರ್ಕಾರವು 1792ರಲ್ಲಿ ಸ್ಥಾಪಿಸಿದ ಆ ವೀಕ್ಷಣಾಲಯವೇ 1899ರಲ್ಲಿ ಕೊಡೈಕಾನಲಿಗೆ ಏರಿ, 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯೆಂಬ ಹೆಸರು ತಾಳಿ, ವೇಣು ಬಾಪೂ ಅವರ ನೇತೃತ್ವದಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ನೆಲೆ ನಿಂತಿತು. ಹಳೆ ಮದರಾಸು ರಸ್ತೆಯ ಮೇಲೆ ಆ ಸಂಸ್ಥೆಯ ಬಲೂನುಗಳನ್ನು ಅರಸಿಕೊಂಡು ಹೋಗುತ್ತಿರುವ ನನಗೆ ಈ ವಂಶಾವಳಿಯು ಎಲ್ಲಿಲ್ಲದ ಸಂತೋಷವನ್ನು ಕೊಟ್ಟಿತು.

ಬೆಂಗಳೂರಿನ ಆಕಾಶಕ್ಕೆ ವಿಜ್ಞಾನದ ಬಲೂನು ಹೊಸದಲ್ಲವೆಂಬುದನ್ನೂ ಇಲ್ಲಿಯೇ ನೆನೆಯಬೇಕು. ಎರಡನೆಯ ಮಹಾಯುದ್ಧವು ಆಗತಾನೆ ಆರಂಭವಾಗಿದ್ದ 1939-40ರ ಚಳಿಗಾಲದಲ್ಲಿ ಅಮೆರಿಕದ ರಾಬರ್ಟ್ ಮಿಲಿಕನ್, ನೆಹರ್, ಪಿಕರಿಂಗ್ ಎಂಬ ಮೂವರು ವಿಶ್ವಕಿರಣಗಳನ್ನು ಅಳೆಯುವ ಸಲುವಾಗಿ ಆಗ್ರಾ, ಪೇಷಾವರ, ಬೆಂಗಳೂರುಗಳಿಂದ ಬಲೂನುಗಳನ್ನು ಹಾರಿಸಿದರು. ಭೂಕಾಂತೀಯ ಸಮಭಾಜಕಕ್ಕೆ ಸಮೀಪವಾದ ಸ್ಥಳವೆಂಬುದು ಬೆಂಗಳೂರಿನ ಹೆಚ್ಚಳವಾಗಿತ್ತು. ಟಾಟಾ ವಿಜ್ಞಾನ ಮಂದಿರದಲ್ಲಿ ಅದೇ ತಾನೆ ಬಂದು ಸೇರಿದ್ದ ತರುಣ ಹೋಮಿ ಭಾಭಾ ಅವರಿಗೂ ಆ ವರ್ಷಗಳಲ್ಲಿ ಇದೇ ಕಿರಣಗಳು ಪರಮ ಆಸಕ್ತಿಯ ವಿಷಯವಾಗಿದ್ದವು.

ಬಸ್ಸು ಹೊರಟಿತು. ಹಲಸೂರಿನ ಕೆರೆಯ ಏರಿಯ ಸಮೀಪ ನನ್ನ ಲೆಕ್ಕದಲ್ಲಿ ಎತ್ತರ ಮೂರು ಕಿಲೋಮೀಟರು. ಆ ದಿನ ತಲೆಯ ಮೇಲೆ ತೇಲುತ್ತಿದ್ದ ಮಳೆಮೋಡಗಳ ಅಡಿಯಂಚನ್ನು ಆಗಲೇ ದಾಟಿಯಾಗಿತ್ತು. ಕೆರೆಯಂಚಿನಲ್ಲಿಯೂ ಸೈನ್ಯದ ಆವರಣದ ಒಳಗೂ ಉಳಿದುಕೊಂಡಿರುವ ಹಿರಿಯ ಮರಗಳನ್ನು ಕಂಡಾಗ ಮನಸ್ಸಿಗೆ ಬಂದ ಸಂಗತಿಯೊಂದನ್ನು ಹೇಳಿಬಿಡುತ್ತೇನೆ: ಬಿಸಿಲಿನಲ್ಲಿ ಎಲೆಗಳು ಹೊರಬಿಡುವ ಐಸೋಪ್ರೀನ್ ಎಂಬ ಆವಿಯು ಗಾಳಿಯಲ್ಲಿ ಒಡೆದು ಫಾರ್ಮಾಲ್ಡಿಹೈಡ್ ಆಗುತ್ತದೆ, ವಾಹನಗಳ ಹೊಗೆಯಿಂದಲೂ ಅದೇ ವಸ್ತು ಹುಟ್ಟುತ್ತದೆ. ಆಕಾಶದಲ್ಲಿ ಅದರ ಪ್ರಮಾಣವನ್ನು ಅಳೆದವನು, ಇದರಲ್ಲಿ ಮರದ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬುದನ್ನು ಮತ್ತೆ ಬೇರೆ ಮಾಡಿಯೇ ತೀರ್ಮಾನಿಸಬೇಕು.

ಇಂದಿರಾನಗರದ ಹತ್ತಿರ, ಐದೂವರೆ ಕಿಲೋಮೀಟರಿನಲ್ಲಿ, ಭೂಮಿಯ ವಾಯುಮಂಡಲದ ತೂಕದಲ್ಲಿ ಅರ್ಧವು ಕೆಳಗೆ ಉಳಿದುಬಿಡುತ್ತದೆ. ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತು ಅನುಭವಿಸುವುದು ಬೇರೆ. ನೂರಡಿ ರಸ್ತೆಯ ಅಂಗಡಿಗಳ ಮುಂದೆ ಓಡಾಡುತ್ತಿದ್ದ ಜನರನ್ನು ನೋಡುತ್ತ, ಇವರೆಲ್ಲರ ಉಸಿರಿಗೆ ಆಧಾರವಾದ ಗಾಳಿಯ ದೊಡ್ಡ ಪಾಲು ಶಿವಾಜಿನಗರಕ್ಕೂ ಇಂದಿರಾನಗರಕ್ಕೂ ನಡುವಣ ಅಂತರದಲ್ಲಿಯೇ ಮುಗಿದುಹೋಯಿತಲ್ಲಾ ಎಂದು ಒಂದು ಬಗೆಯ ದಿಗಿಲು ಹುಟ್ಟಿತು. ಇನ್ನೂ ಸ್ವಲ್ಪ ಮುಂದೆ, ಏಳು ಕಿಲೋಮೀಟರಿನ ಗುರುತಿನಲ್ಲಿ, ಗೇ-ಲುಸಾಕನ ನೆನಪು. 1804ರ ಸೆಪ್ಟೆಂಬರ್ 16ರಂದು ಪ್ಯಾರಿಸಿನಿಂದ ಜಲಜನಕದ ಬಲೂನಿನಲ್ಲಿ ಏಕಾಕಿಯಾಗಿ ಏರಿದ ಆ ಇಪ್ಪತ್ತೈದರ ಯುವಕನು, ಚಳಿಗೆ ಕೈ ಸೆಟೆದು, ಉಸಿರು ಮೇಲುಸಿರಾಗಿರುವಾಗಲೂ, ಗಾಳಿಯನ್ನು ತೆಗೆದು ಬರಿದು ಮಾಡಿಕೊಂಡು ಹೋಗಿದ್ದ ಗಾಜಿನ ಬುರುಡೆಗಳ ಬಾಯಿ ತೆರೆದು ಆ ಎತ್ತರದ ಗಾಳಿಯನ್ನು ತುಂಬಿಕೊಂಡು ಇಳಿದನು. ಪರೀಕ್ಷಿಸಿದಾಗ ಆಮ್ಲಜನಕ ಸಾರಜನಕಗಳ ಅನುಪಾತವು ಪ್ಯಾರಿಸಿನ ಬೀದಿಯಲ್ಲಿದ್ದಂತೆಯೇ ಇತ್ತು. ಬಲೂನಿನಲ್ಲಿ ಏರಿ ಮೇಲಣ ಗಾಳಿಯನ್ನು ತಂದು ರಸಾಯನಶಾಲೆಯಲ್ಲಿ ಶೋಧಿಸಿದ ಆರಂಭಕಾಲದ ಪ್ರಯತ್ನಗಳಲ್ಲಿ ಅದೂ ಒಂದು. ಓಜೋನ್ ಪದರವನ್ನು ಉಳಿಸಲು ಜಗತ್ತಿನ ರಾಷ್ಟ್ರಗಳು ಮಾಂಟ್ರಿಯಲ್ಲಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ದೂ ಒಂದು ಸೆಪ್ಟೆಂಬರ್ 16ರಂದು, 1987ರಲ್ಲಿ.

ಗೇ-ಲುಸಾಕನ ಉಪಕರಣಗಳಿಗೆ ಕಾಣಿಸದೆ ಹೋದದ್ದೇ ಇಂದಿನ ಕಥೆಯ ಸಾರ. ಸಾರಜನಕ, ಆಮ್ಲಜನಕ, ಆರ್ಗಾನ್ ಇವು ಮೂರನ್ನು ಕಳೆದರೆ ಒಣಗಾಳಿಯಲ್ಲಿ ಉಳಿಯುವುದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಮೆ. ಆ ಅಲ್ಪಾಂಶದಲ್ಲಿಯೇ ಭೂಮಿಯನ್ನು ಬೆಚ್ಚಗಿಡುವ ಇಂಗಾಲದ ಡೈಆಕ್ಸೈಡ್, ಅದರಲ್ಲಿಯೇ ಮೀಥೇನ್, ಅದರಲ್ಲಿಯೇ ಓಜೋನ್, ಜ್ವಾಲಾಮುಖಿಗಳೂ ಕಲ್ಲಿದ್ದಲೂ ಕೊಡುವ ಗಂಧಕದ ಡೈಆಕ್ಸೈಡ್. ಬ್ರೋಮಿನ್ ಮಾನಾಕ್ಸೈಡ್ ಅಂತೂ ಮೇಲಣ ಸ್ತರದಲ್ಲಿ ಲಕ್ಷ ಕೋಟಿ ಕಣಗಳಿಗೆ ಹತ್ತು ಹದಿನೈದರಷ್ಟು ಮಾತ್ರ. ಆದರೂ ಕಡಲಿನ ಪಾಚಿಯಿಂದಲೂ ನಾವು ಬೆಂಕಿ ನಂದಿಸಲು ಬಳಸಿದ ಹ್ಯಾಲಾನುಗಳಿಂದಲೂ ಹುಟ್ಟುವ ಬ್ರೋಮಿನ್, ಕಣಕ್ಕೆ ಕಣ ಹೋಲಿಸಿದರೆ, ಓಜೋನನ್ನು ನಾಶಮಾಡುವುದರಲ್ಲಿ ಕ್ಲೋರಿನನ್ನು ಹಲವು ಹತ್ತು ಪಟ್ಟು ಮೀರಿಸುತ್ತದೆ. ಲೋಕದ ಕ್ಷೇಮವು ಇಷ್ಟು ಸ್ವಲ್ಪವಾದದ್ದನ್ನು ಇಷ್ಟು ನೆಚ್ಚಿಕೊಂಡಿರುವಾಗ, ಆ ಸ್ವಲ್ಪವನ್ನು ಎಣಿಸುವ ಕೆಲಸಕ್ಕಿಂತ ಶ್ರೇಷ್ಠವಾದ ಕಾಯಕಗಳು ಹೆಚ್ಚಿಲ್ಲವೆಂದು ನನ್ನ ಮತ.

ಟಿನ್ ಫ್ಯಾಕ್ಟರಿಯ ಬಳಿ ಬಸ್ಸು ನಿಂತೇಬಿಟ್ಟಿತು. ಹೊರವರ್ತುಲ ರಸ್ತೆಯಿಂದ ಬಂದ ವಾಹನಗಳೂ ಹಳೆ ಮದರಾಸು ರಸ್ತೆಯ ವಾಹನಗಳೂ ಕೃಷ್ಣರಾಜಪುರದ ತೂಗುಸೇತುವೆಯ ಬಾಯಲ್ಲಿ ಸೇರುವ ಸ್ಥಳ. ಸಾಲುಗಟ್ಟಿ ನಿಂತ ಲಾರಿಗಳ ಹೊಗೆ ಕಿಟಕಿಯಿಂದ ನೇರವಾಗಿ ಒಳಕ್ಕೆ ಬಂತು. ಮುಂದಿನ ಆಸನದಲ್ಲಿದ್ದ ತಾಯಿ ಸೆರಗಿನಿಂದ ಮಗುವಿನ ಮೂಗು ಮುಚ್ಚಿದಳು. ನನ್ನ ಲೆಕ್ಕದಲ್ಲಿ ಇದು ಹನ್ನೆರಡನೆಯ ಕಿಲೋಮೀಟರು, ದೊಡ್ಡ ವಿಮಾನಗಳು ಹಾರುವ ಎತ್ತರ. ಇಲ್ಲಿಂದ ಆರಂಭಿಸಿ ಹದಿನೆಂಟನೆಯ ಕಿಲೋಮೀಟರಿನ ತನಕ, ಅಂದರೆ ಭಟ್ಟರಹಳ್ಳಿ, ಮೇಡಹಳ್ಳಿಗಳನ್ನು ದಾಟುವ ತನಕ, ಪ್ರತಿ ಮಳೆಗಾಲದಲ್ಲಿಯೂ ಏಷ್ಯಾದ ಮೇಲೆ ಸೂಕ್ಷ್ಮಕಣಗಳ ಪದರವೊಂದು ಹರಡಿಕೊಳ್ಳುತ್ತದೆ. ಉಪಗ್ರಹದ ಅಳತೆಗಳಿಂದ ಅದು ಗೊತ್ತಾದದ್ದು ಕಳೆದ ದಶಕದ ಆರಂಭದಲ್ಲಿ; ತರುವಾಯ ಅಮೆರಿಕದ ನಾಸಾ, ನಮ್ಮ ಇಸ್ರೋ ಒಟ್ಟುಗೂಡಿ ಹೈದರಾಬಾದು, ವಾರಾಣಸಿಗಳಿಂದ ಬಲೂನುಗಳನ್ನು ಕಳುಹಿಸಿ ಅದನ್ನು ಪರೀಕ್ಷಿಸಿದರು. ಮುಂಗಾರಿನ ಮಹಾಮೇಘಗಳು ನೀರಾವಿಯನ್ನು ಮಾತ್ರ ಮೇಲೆತ್ತುವುದಿಲ್ಲ, ಊರೂರಿನ ಹೊಗೆಯನ್ನೂ ಎತ್ತಿ ಆ ಎತ್ತರದಲ್ಲಿ ಚೆಲ್ಲುತ್ತವೆ. ಆ ಮಗುವಿನ ಮೂಗಿಗೆ ಬಡಿದ ಹೊಗೆಗೂ ಆ ಪದರಕ್ಕೂ ನಡುವೆ ಗೋಡೆಯಿಲ್ಲ, ಬಾಗಿಲಿಲ್ಲ. ಕೃಷ್ಣರಾಜಪುರದ ಗಾಳಿ ಕೃಷ್ಣರಾಜಪುರದಲ್ಲಿಯೇ ಉಳಿಯುವುದಿಲ್ಲ.

ಮೇಡಹಳ್ಳಿಯಾಚೆ ರಸ್ತೆ ಅಗಲವಾಗಿ, ಬಸ್ಸಿಗೆ ವೇಗ ಬಂತು. ಹದಿನೇಳು ಕಿಲೋಮೀಟರಿನ ಆಸುಪಾಸಿನಲ್ಲಿ ನಮ್ಮ ಅಕ್ಷಾಂಶದ ಆಕಾಶವು ತನ್ನ ಪರಮಶೈತ್ಯವನ್ನು ಮುಟ್ಟುತ್ತದೆ, ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ. ಅಲ್ಲಿಂದ ಮೇಲೆ ಚಳಿ ಹೆಚ್ಚುವುದರ ಬದಲು ಕಡಮೆಯಾಗುತ್ತ ಹೋಗುತ್ತದೆ. ತೈಸೆರಾಂಕ್ ದ ಬೋರ್ ಎಂಬ ಫ್ರೆಂಚ್ ವಿದ್ವಾಂಸನು ಪ್ಯಾರಿಸಿನ ಬಳಿಯ ತ್ರಾಪ್ ಎಂಬ ಊರಿನಿಂದ ನೂರಾರು ಬಲೂನುಗಳನ್ನು ಬಿಟ್ಟು, ತನ್ನ ಉಷ್ಣಮಾಪಕವೇ ಸುಳ್ಳು ಹೇಳುತ್ತಿದೆಯೋ ಎಂಬ ಸಂಶಯವನ್ನು ವರ್ಷಗಟ್ಟಲೆ ಪರಿಹರಿಸಿಕೊಂಡು, 1902ರಲ್ಲಿ ಈ ಹೊಸ ಸ್ತರವನ್ನು ಸಾರಿದನು. ಅದೇ ಸ್ತರಗೋಳ. ಅದರೊಳಗಿನ ಗಾಳಿಯನ್ನು ನಮ್ಮ ದೇಶದಲ್ಲಿ ಹಿಡಿದು ತಂದ ಪ್ರಯೋಗಗಳಲ್ಲಿ ಬಹು ಸಾಹಸದ್ದು ಹೈದರಾಬಾದಿನದು. ಅಹಮದಾಬಾದಿನ ಭೌತ ಸಂಶೋಧನಾಲಯದವರೂ ಜರ್ಮನಿಯ ಮಾಕ್ಸ್ ಪ್ಲಾಂಕ್ ಸಂಸ್ಥೆಯವರೂ ಸೇರಿ, 1980ರ ದಶಕದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬೃಹತ್ ಬಲೂನಿನಲ್ಲಿ ದ್ರವ ನಿಯಾನಿನಿಂದ ತಣಿಸಿದ ಲೋಹದ ಕೊಳವೆಗಳನ್ನು ಮೇಲಕ್ಕೆ ಕಳುಹಿಸಿದರು. ಆ ಶೈತ್ಯಕ್ಕೆ ಗಾಳಿಯು ಕೊಳವೆಯೊಳಗೆ ತಾನಾಗಿ ಹೆಪ್ಪುಗಟ್ಟಿ ಶೇಖರವಾಗುತ್ತದೆ. ಕೆಳಗಿಳಿದ ಮೇಲೆ ಶೋಧಿಸಿದಾಗ ಮೀಥೇನ್, ನೈಟ್ರಸ್ ಆಕ್ಸೈಡುಗಳ ಜೊತೆಗೆ, ಶೀತಕಪೆಟ್ಟಿಗೆಗಳ ಮೂಲಕ ಮನುಷ್ಯನೇ ಗಾಳಿಗೆ ಬಿಟ್ಟ ಕ್ಲೋರೋಫ್ಲೋರೋಕಾರ್ಬನ್ನುಗಳೂ ಅಲ್ಲಿದ್ದವು. ಪ್ರಕೃತಿಯಲ್ಲಿ ಎಂದೂ ಇಲ್ಲದಿದ್ದ, ನಾವು ಮಾಡಿದ ವಸ್ತುವು ದಖನ್ನಿನ ಮೇಲಣ ಸ್ತರಗೋಳದಲ್ಲಿ! ಆ ಒಂದು ಅಳತೆಗೆ ನೂರು ಉಪನ್ಯಾಸಗಳ ಬಲವುಂಟು.

ಹೊಸಕೋಟೆಯಲ್ಲಿ ಇಳಿದೆ. ನಸುಕಿನ ನಾಲ್ಕು ಗಂಟೆಗೆ ಬೆಂಗಳೂರಿನವರು ಬಿರಿಯಾನಿಗಾಗಿ ಸಾಲು ನಿಲ್ಲುವ ಊರೆಂದು ಈಚೆಗೆ ಇದಕ್ಕೆ ಖ್ಯಾತಿ. ಬಲೂನು ಬಿಡುವವರಿಗೂ ನಸುಕೇ ಪ್ರಶಸ್ತ ಕಾಲ, ಏಕೆಂದರೆ ನೆಲದ ಗಾಳಿ ಆಗ ಅಲುಗಾಡದೆ ಇರುತ್ತದೆ. ಓಜೋನ್ ನೆಲೆಸಿರುವ ಎತ್ತರಕ್ಕೆ ಬಂದೆನೆಂದುಕೊಂಡು ತಲೆಯೆತ್ತಿ ನೋಡಿದರೆ ಬಿಳಿ ಮೋಡದ ನಡುವೆ ಒಂದು ತುಂಡು ನೀಲಿ ಮಾತ್ರ. ನಮ್ಮ ತಲೆಯ ಮೇಲಿನ ಓಜೋನನ್ನೆಲ್ಲ ಒಟ್ಟುಗೂಡಿಸಿ ನೆಲದ ಒತ್ತಡಕ್ಕೆ ತಂದರೆ ಅದರ ದಪ್ಪ ಮೂರು ಮಿಲಿಮೀಟರನ್ನೂ ಮುಟ್ಟದು, ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟಷ್ಟು. ಹವಾಮಾನ ಇಲಾಖೆಯು ಪುಣೆ, ತಿರುವನಂತಪುರ, ದೆಹಲಿಗಳಿಂದ ಬಲೂನಿನಲ್ಲಿ ಕಳುಹಿಸುತ್ತ ಬಂದ ಓಜೋನ್ ಮಾಪಕದ ಕ್ರಮ ಸರಳವೂ ಸುಂದರವೂ ಆದದ್ದು: ಪುಟ್ಟ ಪಂಪು ಗಾಳಿಯನ್ನು ಪೊಟಾಸಿಯಂ ಅಯೊಡೈಡಿನ ದ್ರಾವಣದೊಳಗೆ ಗುಳುಗುಳು ಹಾಯಿಸುತ್ತದೆ, ಓಜೋನ್ ಅಯೊಡೀನನ್ನು ಬಿಡಿಸುತ್ತದೆ, ಹರಿಯುವ ವಿದ್ಯುತ್ತನ್ನು ಅಳೆದರೆ ಓಜೋನಿನ ಪ್ರಮಾಣ ತಿಳಿಯುತ್ತದೆ. ಆದರೆ ಅತಿ ಎತ್ತರದ ವಿರಳವಾದ ಗಾಳಿಯಲ್ಲಿ ಪಂಪು ಸೋಲುತ್ತದೆ. ಮೇಲಾಗಿ ಒಂದು ಉಪಕರಣಕ್ಕೆ ಒಂದೇ ಅನಿಲ.

ಈ ಕೊರತೆಗೆ ಹೊಸಕೋಟೆಯವರು ಆರಿಸಿಕೊಂಡ ಉತ್ತರ ಬೆಳಕು. ಶಿಡ್ಲಘಟ್ಟ ರಸ್ತೆಯಲ್ಲಿರುವ ಅವರ ಆವರಣವು ಲಡಾಖಿನ ಹಾನ್ಲೆಯಲ್ಲಿ 4,500 ಮೀಟರು ಎತ್ತರದಲ್ಲಿರುವ ಹಿಮಾಲಯದ ದೂರದರ್ಶಕವನ್ನು ಉಪಗ್ರಹ ಸಂಪರ್ಕದಿಂದ ನಡೆಸುವ ಕೇಂದ್ರವೆಂದು ಪ್ರಸಿದ್ಧ; 2015ರಲ್ಲಿ ಏರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಜೋಡಣೆಗೊಂಡದ್ದೂ ಇಲ್ಲಿಯೇ. ಇಂಥ ಮಹತ್ಕಾರ್ಯಗಳ ಮಗ್ಗುಲಲ್ಲಿ ಜಯಂತ್ ಮೂರ್ತಿ, ಮಾರ್ಗರೀಟಾ ಸಫೊನೊವಾ ಅವರೂ ಅವರ ವಿದ್ಯಾರ್ಥಿಗಳೂ ಸ್ವಲ್ಪ ಹಣದಲ್ಲಿ, ಅಂಗಡಿಯಲ್ಲಿ ದೊರೆಯುವ ಬಿಡಿಭಾಗಗಳಿಂದ ಬಲೂನಿನ ಪ್ರಯೋಗಗಳನ್ನು ಆರಂಭಿಸಿ, ಮೊದಲ ವೃತ್ತಾಂತವನ್ನು 2013ರಲ್ಲಿ ಬೆಂಗಳೂರಿನದೇ ಆದ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅನಂತರ ಅವರು ಕಟ್ಟಿದ ಅತಿನೇರಳೆ ರೋಹಿತಲೇಖಿಯು ಗಾಜಿನ ಎಳೆಯೊಂದರಿಂದ ಬೆಳಕನ್ನು ಒಳತಂದು, ಮಸೂರಗಳು ಅತಿನೇರಳೆಯನ್ನು ನುಂಗಿಬಿಡುವುದರಿಂದ ಕನ್ನಡಿಗಳಲ್ಲಿಯೇ ಅದನ್ನು ಮಡಿಸಿ, ಬಣ್ಣಬಣ್ಣವಾಗಿ ಬಿಡಿಸಿ, ಒಂದೊಂದು ಬೆಳಕಿನ ಕಣವನ್ನೂ ಬೇರೆಬೇರೆಯಾಗಿ ಎಣಿಸುವಂಥದು. ಗಂಧಕದ ಡೈಆಕ್ಸೈಡ್, ಓಜೋನ್, ಫಾರ್ಮಾಲ್ಡಿಹೈಡ್, ಬ್ರೋಮಿನ್ ಮಾನಾಕ್ಸೈಡ್ ಇವು ಒಂದೊಂದೂ ಅತಿನೇರಳೆಯ ಹರಹಿನಲ್ಲಿ ತನಗೆ ಬೇಕಾದ ಜಾಗಗಳಲ್ಲಿಯೇ ಬೆಳಕನ್ನು ಕಸಿಯುವುದರಿಂದ, ಒಂದೇ ರೋಹಿತದಲ್ಲಿ ಎಲ್ಲವನ್ನೂ ಏಕಕಾಲಕ್ಕೆ ಓದುವುದು ಇದರ ಉದ್ದೇಶ. ನಕ್ಷತ್ರ ನೋಡುವವರಿಗೆ ಈ ಅನಿಲಗಳು ದಾರಿಯ ಅಡ್ಡಿ. ಅಡ್ಡಿಯನ್ನು ಶಪಿಸಿ ಸುಮ್ಮನಾಗದೆ ಅದನ್ನೇ ಅಧ್ಯಯನದ ವಿಷಯ ಮಾಡಿಕೊಂಡದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಬಲೂನು ಬಿಡುವ ವಿಧಾನದಲ್ಲಿಯೂ ಅಷ್ಟೇ ಶ್ರದ್ಧೆ ಬೇಕು. ಅಂಗೈಯ ಜಿಡ್ಡು ತೆಳುವಾದ ರಬ್ಬರನ್ನು ಕೆಡಿಸುವುದರಿಂದ ಕೈಗವಸು ತೊಟ್ಟು, ನೆಲಕ್ಕೆ ಬಟ್ಟೆ ಹಾಸಿ, ಕೊಳವೆಯ ಬಾಯಿಗೆ ಬಲೂನಿನ ಕತ್ತನ್ನು ಬಿಗಿದು ತುಂಬುತ್ತಾರೆ. ಎಳೆಯುವ ಬಲವನ್ನು ತಕ್ಕಡಿಯಲ್ಲಿ ಹಿಡಿದು ನೋಡುತ್ತಾರೆ. ಬಲೂನಿನ ಕೆಳಗೆ ಹಗ್ಗ, ಹಗ್ಗಕ್ಕೆ ಪ್ಯಾರಾಚೂಟು, ಅದರ ಕೆಳಗೆ ಥರ್ಮಾಕೋಲಿನ ಪೆಟ್ಟಿಗೆಯೊಳಗೆ ಉಪಕರಣ, ಬ್ಯಾಟರಿ, ಸ್ಥಾನ ತಿಳಿಸುವ ರೇಡಿಯೋ. ವಿಮಾನಗಳ ದಾರಿ ದಟ್ಟವಾಗಿರುವ ಈ ಸೀಮೆಯಲ್ಲಿ ವಾಯುಸಂಚಾರ ನಿಯಂತ್ರಕರ ಅಪ್ಪಣೆಯಿಲ್ಲದೆ ಹಗ್ಗ ಸಡಿಲಿಸುವಂತಿಲ್ಲ. ಬಿಟ್ಟ ಮೇಲೆ ನಿಮಿಷಕ್ಕೆ ಸುಮಾರು 300 ಮೀಟರಿನಂತೆ ಏರಿದರೆ, ನಾನು ಬಸ್ಸಿನಲ್ಲಿ ಕ್ರಮಿಸಿದ ದೂರಕ್ಕೆ ಅದಕ್ಕೆ ಬೇಕಾಗುವುದು ಒಂದೂವರೆ ಗಂಟೆ. ಟಿನ್ ಫ್ಯಾಕ್ಟರಿಯ ಕೃಪೆಯಿಂದ ನನಗೂ ಹೆಚ್ಚುಕಡಮೆ ಅಷ್ಟೇ ಹಿಡಿದಿತ್ತು. ತೂಗುತ್ತ ತಿರುಗುವ ಪೆಟ್ಟಿಗೆಯಲ್ಲಿ ಉಪಕರಣವನ್ನು ಒಂದೇ ದಿಕ್ಕಿಗೆ ನಿಲ್ಲಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಅದಕ್ಕಾಗಿ ಈ ತಂಡದವರು ದಿಕ್ಕು ಹಿಡಿಯುವ ಯಂತ್ರವನ್ನೂ ನಕ್ಷತ್ರಗಳನ್ನು ಗುರುತಿಸಿ ತನ್ನ ನಿಲುವನ್ನು ತಾನೇ ಅರಿಯುವ ಸಂವೇದಕವನ್ನೂ ರೂಪಿಸಿದರು. ವಿದ್ಯಾರ್ಥಿಗಳು ಆಟಕ್ಕೂ ಬಳಸುವ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಗಣಕದ ಮೇಲೆ ಅದೇ ಸಂಸ್ಥೆಯಲ್ಲಿ ಬೆಳೆದ ‘ಸ್ಟಾರ್‌ಬೆರಿ ಸೆನ್ಸ್’ 2023ರ ಏಪ್ರಿಲಿನಲ್ಲಿ ಪಿಎಸ್‌ಎಲ್‌ವಿ ರಾಕೆಟ್ಟಿನ ಮೇಲೆ ಕುಳಿತು ಭೂಕಕ್ಷೆಗೇ ಹೋಯಿತು.

ಆವರಣದ ಗೇಟಿನ ಎದುರಿನ ಹೊಲದ ಬದುವಿನಲ್ಲಿ ಬಹಳ ಹೊತ್ತು ನಿಂತಿದ್ದೆ. ರಾಗಿಯ ಪೈರು ಪಡುವಣ ಗಾಳಿಗೆ ಮೂಡಣಕ್ಕೆ ಬಾಗುತ್ತಿತ್ತು. ಮಳೆಗಾಲದಲ್ಲಿ ಇಲ್ಲಿಂದ ಬಿಟ್ಟ ಬಲೂನು ಮೊದಲು ಕೋಲಾರದ ಕಡೆಗೆ ತೇಲಿ, ಮೋಡಗಳ ಮೇಲೆ ಬೀಸುವ ಪ್ರಬಲವಾದ ಮೂಡಣ ಗಾಳಿಗೆ ಸಿಕ್ಕಿದೊಡನೆ ಹಿಂತಿರುಗಿ ಬೆಂಗಳೂರಿನತ್ತಲೇ ಬರತೊಡಗುತ್ತದೆ. ಚಳಿಗಾಲದಲ್ಲಿ ಈ ಲೆಕ್ಕವೆಲ್ಲ ಬೇರೆ. ಎಲ್ಲಿ ಒಡೆದೀತು, ಪ್ಯಾರಾಚೂಟು ಎಲ್ಲಿ ಇಳಿದೀತು ಎಂಬುದನ್ನು ಹಿಂದಿನ ರಾತ್ರಿಯೇ ಗಾಳಿಯ ಮುನ್ಸೂಚನೆಯಿಂದ ಗಣಿಸಿಕೊಂಡು, ಜೀಪಿನಲ್ಲಿ ಬೆನ್ನಟ್ಟಿ, ಯಾರದೋ ಹೊಲದಲ್ಲಿಯೋ ಕೆರೆಯಂಗಳದಲ್ಲಿಯೋ ಪೆಟ್ಟಿಗೆಯನ್ನು ಹುಡುಕಿ ತಂದ ಮೇಲೆ ರೋಹಿತಗಳ ಗಣಿತ ಮೊದಲಾಗುತ್ತದೆ. ಅತ್ಯಂತ ಎತ್ತರದಲ್ಲಿ, ನೂರರಲ್ಲಿ ತೊಂಬತ್ತೊಂಬತ್ತು ಪಾಲು ಗಾಳಿ ಕೆಳಗುಳಿದಾಗ ಪಡೆದ ಸೂರ್ಯನ ರೋಹಿತವನ್ನು ನಿರ್ಮಲವೆಂದು ಇಟ್ಟುಕೊಂಡು, ಅದರಿಂದ ಕೆಳಗಣ ಪ್ರತಿಯೊಂದು ರೋಹಿತವನ್ನೂ ಭಾಗಿಸಬೇಕು. ಭಾಗಲಬ್ಧದಲ್ಲಿ ಉಳಿಯುವ ಏರಿಳಿತವೇ ಆಯಾ ಎತ್ತರದ ಅನಿಲಗಳ ಸಹಿ. ಆ ಸಾಲಿನಲ್ಲಿ ಎಲ್ಲಕ್ಕಿಂತ ಮಸುಕಾದ, ಬಿಡಿಸಲು ಎಲ್ಲಕ್ಕಿಂತ ತೊಡಕಾದ ರೋಹಿತವು ಮೊದಲನೆಯದು, ಹಗ್ಗ ಸಡಿಲಿಸುವುದಕ್ಕೆ ಮುಂಚೆ ರಸ್ತೆಯ ಬದಿಯ ಗಾಳಿಯೊಳಗಿಂದಲೇ ಪಡೆದದ್ದು.